ಟೆಸ್ಟ್ ಇದೆ, ನೋಡೋರಿಲ್ಲ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಹೋಮ್‌ಸ್ಕೂಲಿಂಗ್‌ಗೆ (ಅಂದ್ರೆ ಮಕ್ಕಳಿಗೆ ಮನೇಲೇ ಪಾಠ ಕಲಿಸೋದಕ್ಕೆ) ರೂಲ್ಸೇ ಇಲ್ಲ ಅನ್ನೋ ಥರ ಬರೆದಿದೀರಿ ಸರ್, ಅದು ಸರಿಯಲ್ಲ. ಮೊದಲು ರಾಜ್ಯಕ್ಕೆ ನೋಟಿಸ್ ಕೊಡ್ಬೇಕು, ಕಲಿಸೋರು ಹೈಸ್ಕೂಲಾದ್ರೂ ಮುಗಿಸಿರ್ಬೇಕು, ವರ್ಷಕ್ಕೊಂದ್ಸಲ ಗ್ರಾಮರ್, ರೀಡಿಂಗ್, ಸ್ಪೆಲಿಂಗ್, ಮ್ಯಾಥ್ಸ್ ಟೆಸ್ಟ್ ಬರೆಸ್ಲೇಬೇಕು. ತೊಂದ್ರೆ ಇರೋದು ಆಮೇಲೆ, ಆ ರಿಸಲ್ಟ್ ರಾಜ್ಯಕ್ಕೆ ಕಳಿಸ್ಬೇಕಾಗಿಲ್ಲ, ಒಂದು ವರ್ಷ ಇಟ್ಕೊಂಡಿದ್ರೆ ಸಾಕು, ಅಲ್ಲಿನ ರಾಲಿ ಊರಲ್ಲಿರೋ ನಮ್ಮಕ್ಕ ತನ್ನ ಮಗಳ ಸ್ಕೋರ್ ಶೀಟುಗಳನ್ನ ವ್ಯಾಕ್ಸಿನ್ ಕಾರ್ಡ್ ಜೊತೆ ಒಂದೇ ಫೈಲಲ್ಲಿ ಹಾಕಿಟ್ಟಿದಾಳೆ ಇವತ್ತಿನವರೆಗೂ ಯಾರೂ ಕೇಳಿಲ್ಲ. ಅವಳೇನೋ ದಿನಾ ಕೂತು ಕಲಿಸ್ತಾಳೆ, ಕಲಿಸದೇ ಇರೋ ಮನೆ ಮಗುವಿನ ಗತಿ ಏನು? 2020-21ರಲ್ಲಿ ಅಲ್ಲಿ ಅಂದಾಜು 1.79 ಲಕ್ಷ ಮಕ್ಕಳು ಹೀಗೆ ಓದ್ತಿದ್ರು, ಕೋವಿಡ್ ಆದ್ಮೇಲೆ ಸ್ವಲ್ಪ ಇಳೀತು, ಆದ್ರೂ 2022-23ರಲ್ಲಿ ಒಂದೂವರೆ ಲಕ್ಷದ ಮೇಲೇ ಇತ್ತು. ಸ್ಕೋರ್ ಕಳಿಸಿ ಅಂತ ಒಂದೇ ಒಂದು ರೂಲ್ ಸೇರಿಸ್ಲಿ, ಕಲಿಸೋರಿಗೆ ಅದ್ರಿಂದ ಏನೂ ನಷ್ಟ ಇಲ್ಲ.