ಸ್ಪಷ್ಟನೆ: ಒಹ್ತಾನಿ ಕೈಗೆ ವರ್ಷಕ್ಕೆ 7 ಕೋಟಿ ಡಾಲರ್ ಸಂಬಳ ಬರುತ್ತಿಲ್ಲ

ಬೇಸ್‌ಬಾಲ್ ಆಟಗಾರ ಶೊಹೇ ಒಹ್ತಾನಿ ವರ್ಷಕ್ಕೆ 7 ಕೋಟಿ ಡಾಲರ್ ಸಂಬಳ ಎಣಿಸುತ್ತಾರೆ, ಇದು ಹಗಲುದರೋಡೆ ಎನ್ನುವ ಮಾತು ಓಡಾಡುತ್ತಿದೆ. ಅರ್ಧ ಸತ್ಯ.

2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಜೊತೆ ಆದ ಒಪ್ಪಂದ 10 ವರ್ಷಕ್ಕೆ 70 ಕೋಟಿ ಡಾಲರ್, ನಿಜ. ಆದರೆ ಆ 10 ವರ್ಷ ತಂಡ ಕೊಡುವುದು ವರ್ಷಕ್ಕೆ 20 ಲಕ್ಷ ಮಾತ್ರ. ಉಳಿದ 68 ಕೋಟಿ 2034ರಿಂದ 2043ರವರೆಗೆ ಕಂತಿನಲ್ಲಿ ಬರುತ್ತದೆ, ಅದೂ ಬಡ್ಡಿಯಿಲ್ಲದೆ! ನಾವಾದರೆ ಒಪ್ಪುತ್ತಿದ್ದೆವಾ? ತಡವಾಗಿ ಬರುವ ದುಡ್ಡಿಗೆ ಇವತ್ತಿನ ಬೆಲೆ ಕಡಿಮೆ. ಹಾಗಾಗಿ ಅಮೆರಿಕದ ಬೇಸ್‌ಬಾಲ್ ಲೀಗ್ ಲೆಕ್ಕದಲ್ಲಿ ಒಪ್ಪಂದದ ಬೆಲೆ ವರ್ಷಕ್ಕೆ ಸುಮಾರು 4.6 ಕೋಟಿ.

ಅದೂ ಜಾಸ್ತಿ ಅಲ್ವಾ ಅಂದರೆ, ಹೌದು. ಆದರೆ 2024ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ ಪಿಚಿಂಗ್ (ಚೆಂಡೆಸೆತ) ಮಾಡದೆಯೂ ಬ್ಯಾಟಿಂಗ್‌ನಲ್ಲಿ 54 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದು, 59 ಬೇಸ್ ಕದ್ದರು, ಅಂದರೆ ಚೆಂಡು ಹೊಡೆಯುವುದಕ್ಕೆ ಕಾಯದೆ ಓಡಿ ಮುಂದಿನ ಬೇಸ್ ತಲುಪಿದರು. ತಂಡ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತು. ಡಾಡ್ಜರ್ಸ್ ಸುಮ್ನೆ ದುಡ್ಡು ಸುರಿದಿಲ್ಲ.