ಸತ್ಯಾಂಶ: ಕೂಲರ್ ಪೈಪ್ ಸೋರಿದರೆ ಪೆಟ್ರೋಲ್ ಹೋಸ್ ಸಾಕೇ?

"ಪಿಕಪ್‌ನ ಟ್ರಾನ್ಸ್‌ಮಿಷನ್ ಕೂಲರ್ ಪೈಪ್ ಸೋರುತ್ತಿದೆಯಾ? ಅಷ್ಟು ಭಾಗ ಕತ್ತರಿಸಿ, ಪೆಟ್ರೋಲ್ ಹೋಸ್ ತುರುಕಿ ಕ್ಲಾಂಪ್ ಬಿಗಿಯಿರಿ" ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಟ್ರಾನ್ಸ್‌ಮಿಷನ್ ಅಂದರೆ ಗೇರ್‌ಬಾಕ್ಸ್; ಅದರ ಬಿಸಿ ಆಯಿಲನ್ನು ತಣ್ಣಗಾಗಿಸಲು ಕೂಲರ್‌ಗೆ ಒಯ್ದು ವಾಪಸ್ ತರುವುದೇ ಈ ಪೈಪ್.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಸುಮ್ನೆ ಓಡಿಸುವಾಗಲೇ 80-90 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಟ್ರೇಲರ್ ಎಳೆದರೆ ಇನ್ನೂ ಜಾಸ್ತಿ. ಮಾಮೂಲಿ ಪೆಟ್ರೋಲ್ ಹೋಸ್ ಈ ಬಿಸಿ ಆಯಿಲ್‌ಗೆಂದು ಮಾಡಿದ್ದಲ್ಲ, ಬರಬರುತ್ತಾ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಎಸ್‌ಎಇ ಜೆ1532 (SAE J1532, ಟ್ರಾನ್ಸ್‌ಮಿಷನ್ ಆಯಿಲ್ ಕೂಲರ್ ಹೋಸ್‌ಗಳ ಮಾನದಂಡ) ಎಂದು ಮುದ್ರಿಸಿದ ಹೋಸ್ ಇದಕ್ಕಾಗಿಯೇ ಸಿಗುತ್ತದೆ. ಆದರೆ ಕತ್ತರಿಸಿದ ಪೈಪಿನ ತುದಿ ನುಣ್ಣಗಿದ್ದರೆ ಅದೂ ಜಾರೀತು. ತುದಿಗೆ ಉಬ್ಬು ಕೊಡಲೇಬೇಕು.

ಅಮೆರಿಕದ ಉತ್ತರ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ವಾ, ಅಲ್ಲಿ ಓಡಿದ ಗಾಡಿಯ ಉಕ್ಕಿನ ಪೈಪ್ ತುಕ್ಕು ಹಿಡಿದು ತೂತಾಗಿದ್ದರೆ ಪೂರ್ತಿ ಬದಲಿಸುವುದೇ ವಾಸಿ. ಕ್ವಿಕ್ ಕನೆಕ್ಟ್ ಫಿಟ್ಟಿಂಗ್ (ಪೈಪ್ ಒತ್ತಿದರೆ ಕ್ಲಿಪ್ ಹಿಡಿದುಕೊಳ್ಳುವ ಜೋಡಣೆ) ಇದ್ದರೆ ಹೊಸ ಕ್ಲಿಪ್ ಹಾಕಿ. ಪೈಪ್ ಟಕ್ ಎಂದು ಕೂತ ಮೇಲೂ ಒಮ್ಮೆ ಎಳೆದು ನೋಡಿ.