ಥರ್ಮಾಕೋಲ್ ಅಣೆಕಟ್ಟಿನ ಕೆಳಗಿದ್ದ ಬ್ಯಾಟರಿ

ಈಗಷ್ಟೇ ಮನೆಗೆ ಬಂದು ಕೂತಿದ್ದೇನೆ. ಕಾಫಿ ಕೂಡ ಕುಡಿದಿಲ್ಲ. ಬರೆದು ಮುಗಿಸದೆ ಈ ಸಿಟ್ಟು ಇಳಿಯುವುದಿಲ್ಲ.

ಪಕ್ಕದ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಇವತ್ತು ವಿಜ್ಞಾನ ವಸ್ತುಪ್ರದರ್ಶನ ಇತ್ತು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬಳು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಜಲವಿದ್ಯುತ್ ಮಾದರಿ ತಂದಿದ್ದಳು. ಥರ್ಮಾಕೋಲಿನ ಅಣೆಕಟ್ಟು, ನೀಲಿ ಬಣ್ಣ, ಸುತ್ತ ಪ್ಲಾಸ್ಟಿಕ್ ಮರಗಳು. ಮೇಲಿನಿಂದ ಪೈಪಿನಲ್ಲಿ ನೀರು ಬಿಟ್ಟರೆ ಕೆಳಗೆ ಪುಟ್ಟ ಚಕ್ರ ತಿರುಗುತ್ತದೆ. ಪಕ್ಕದ ಊರಿನ ಐದು ಮನೆಗಳಲ್ಲಿ ಪುಟ್ಟ ಎಲ್‌ಇಡಿ ದೀಪ. ಹುಡುಗಿ ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದಳು. ಸ್ಥಿತಿಶಕ್ತಿ, ಚಲನಶಕ್ತಿ, ವಿದ್ಯುತ್ ಶಕ್ತಿ, ಒಂದಕ್ಷರ ತಪ್ಪಿಲ್ಲ.

"ನೀರು ನಿಲ್ಲಿಸು ನೋಡೋಣ ಪುಟ್ಟಾ" ಅಂದೆ.

ನಿಲ್ಲಿಸಿದಳು. ಚಕ್ರ ನಿಂತಿತು. ಐದೂ ಮನೆಯ ದೀಪ ಹಾಗೇ ಉರಿಯುತ್ತಿತ್ತು. ಅವಳ ಮುಖ ಬಾಡಿಹೋಯಿತು. ಥರ್ಮಾಕೋಲಿನ ಮೂಲೆ ಎತ್ತಿ ನೋಡಿದರೆ ಕೆಳಗೆ ಒಂಬತ್ತು ವೋಲ್ಟಿನ ಬ್ಯಾಟರಿ, ಟೇಪ್ ಹಾಕಿ ಅಂಟಿಸಿದ್ದಾರೆ. ಚಕ್ರಕ್ಕೂ ದೀಪಕ್ಕೂ ಒಂದು ಎಳೆ ತಂತಿಯ ಸಂಬಂಧವೂ ಇಲ್ಲ. ಅಂಗಡಿಯಿಂದ 1,400 ರೂಪಾಯಿ ಕೊಟ್ಟು ತಂದಿದ್ದಂತೆ. ಮಗುವಿನ ತಪ್ಪಲ್ಲ. ಅವಳಿಗೆ ಬ್ಯಾಟರಿ ಇರುವುದೇ ಗೊತ್ತಿರಲಿಲ್ಲ. ಅದೇ ಮಾದರಿಗೆ ಮೊದಲ ಬಹುಮಾನ ಬಂತು. ನಾನು ಒಪ್ಪಲಿಲ್ಲ. ಉಳಿದಿಬ್ಬರು ಒಪ್ಪಿದರು. "ಪ್ರೆಸೆಂಟೇಶನ್ ಚೆನ್ನಾಗಿದೆ ಅಲ್ವಾ ಮೇಡಂ" ಅಂದರು.

ಊಟದ ಹೊತ್ತಿಗೆ ಮಕ್ಕಳನ್ನೆಲ್ಲ ಸೇರಿಸಿ ಒಂದು ಪ್ರಶ್ನೆ ಕೇಳಿದೆ. ಮನೆಗೆ ಕರೆಂಟ್ ಬಿಲ್ ಬರುತ್ತಲ್ಲ, ಅದರಲ್ಲಿ ಇಷ್ಟು ಯೂನಿಟ್ ಅಂತ ಇರುತ್ತಲ್ಲ, ಆ ಯೂನಿಟ್ ಅಂದರೆ ಏನು? ಮೂವತ್ತು ಮಕ್ಕಳಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಪಕ್ಕದಲ್ಲಿದ್ದ ಮೇಷ್ಟ್ರು ಮೆಲ್ಲಗೆ ಹೇಳಿದರು, "ಅದು ಒಂದು ಅಂಕದ ಪ್ರಶ್ನೆ ಅಷ್ಟೇ ಮೇಡಂ."

ನನ್ನ ಸಿಟ್ಟು ಇರುವುದು ಅಲ್ಲೇ. ಆ ಒಂದು ಅಂಕದ ಮೇಲೆ.

ನಮ್ಮಪ್ಪ ಸಾಗರದ ಕಡೆ ಲೈನ್‌ಮ್ಯಾನ್ ಆಗಿದ್ದು ನಿಮಗೆಲ್ಲ ಗೊತ್ತೇ ಇದೆ. ಓದಿದ್ದು ಏಳನೇ ತರಗತಿ. ನನಗೆ ಯೂನಿಟ್ ಕಲಿಸಿದ್ದು ಅವರೇ, ಶಾಲೆಯಲ್ಲ. ಆಗ ಮೀಟರಿನೊಳಗೆ ಅಲ್ಯೂಮಿನಿಯಂ ಚಕ್ರ ಇರುತ್ತಿತ್ತಲ್ಲ, ಅಂಚಿನಲ್ಲಿ ಒಂದು ಗುರುತು ಇರುತ್ತಿತ್ತು. ನಮ್ಮನೆ ಮೀಟರಿನ ಮೇಲೆ 600 ಅಂತ ಬರೆದಿತ್ತು. "ಈ ಚಕ್ರ 600 ಸುತ್ತು ಸುತ್ತಿದ್ರೆ ಒಂದು ಯೂನಿಟ್ ಕಣೇ" ಅಂತ ಹೇಳಿ ನನ್ನ ಕೈಗೆ ತಮ್ಮ ವಾಚ್ ಕೊಟ್ಟರು. ಒಂದೇ ಒಂದು 60 ವ್ಯಾಟಿನ ಬಲ್ಬು ಹಾಕಿದರು. ಚಕ್ರ ಒಂದು ಸುತ್ತು ಬರಲು ಸರಿಯಾಗಿ 100 ಸೆಕೆಂಡು. ಇಸ್ತ್ರಿ ಪೆಟ್ಟಿಗೆ ಹಾಕಿದ ಕೂಡಲೇ ಅದೇ ಚಕ್ರ ಓಡತೊಡಗಿತು. ಏಳೆಂಟು ಸೆಕೆಂಡಿಗೆಲ್ಲ ಗುರುತು ಮತ್ತೆ ಬರುತ್ತಿತ್ತು. ನನಗೆ ಆಗ ಹನ್ನೊಂದು ವರ್ಷ. ವ್ಯಾಟ್ ಬೇರೆ, ಯೂನಿಟ್ ಬೇರೆ ಅನ್ನುವುದು ಆವತ್ತಿನಿಂದ ಇವತ್ತಿನವರೆಗೆ ಮರೆತಿಲ್ಲ.

ಪುಸ್ತಕದಲ್ಲಿ ಇಲ್ಲವೇ ಅಂತ ಕೇಳುತ್ತೀರಿ. ಇದೆ. ಹತ್ತನೇ ತರಗತಿಯ ವಿದ್ಯುತ್ ಪಾಠದ ಕೊನೆಯಲ್ಲಿ, ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಗಂಟೆ, ಅಂದರೆ 36 ಲಕ್ಷ ಜೂಲ್ ಅಂತ ಇದೆ. ಮಕ್ಕಳು ಆ ಜೂಲ್ ಅನ್ನು ಹತ್ತರ ಘಾತದಲ್ಲಿ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಆದರೆ ಮನೆಯ ಗೀಸರ್ 2,000 ವ್ಯಾಟಿನದಾದರೆ ಅರ್ಧ ಗಂಟೆಗೆ ಒಂದು ಯೂನಿಟ್ ಹೋಗುತ್ತದೆ, ಅದೇ ಒಂದು ಯೂನಿಟ್‌ನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 111 ಗಂಟೆ ಉರಿಯುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಅದರ ಜೊತೆಗಿದ್ದ 'ಶಕ್ತಿಯ ಆಕರಗಳು' ಅನ್ನುವ ಅಧ್ಯಾಯ, ಅಂದರೆ ಕಲ್ಲಿದ್ದಲು, ಜಲವಿದ್ಯುತ್, ಗಾಳಿ, ಸೌರ, ಅಣು ಎಲ್ಲ ಇದ್ದ ಪಾಠ, ಅದನ್ನು ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ತೆಗೆದೇಬಿಟ್ಟಿತು. 2023ರಲ್ಲಿ ಬಂದ ಪುಸ್ತಕದಲ್ಲಿ ಅದು ಇಲ್ಲ. ಮಕ್ಕಳ ಹೊರೆ ಕಡಿಮೆ ಮಾಡಲು ಅಂತ ಕಾರಣ ಕೊಟ್ಟರು. ದೇಶದ ಅರ್ಧ ರಾಜಕೀಯ ಕರೆಂಟಿನ ಸುತ್ತ ತಿರುಗುತ್ತಿರುವಾಗ ಆ ಪಾಠ ಹೊರೆ ಹೇಗಾಗುತ್ತದೆ? ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಯೂನಿಟ್ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ನಾವು ದಿನಾ ನೋಡುತ್ತಿದ್ದೇವೆ. ಟಿವಿಯಲ್ಲಿ "ದಿನಕ್ಕೆ ಇಷ್ಟು ಮೆಗಾವ್ಯಾಟ್ ಉತ್ಪಾದನೆ" ಅಂತ ಓದುತ್ತಾರೆ. ದಿನಕ್ಕೆ ಮೆಗಾವ್ಯಾಟ್ ಅನ್ನುವ ಮಾತೇ ಇಲ್ಲ. ಮೆಗಾವ್ಯಾಟ್ ಅಂದರೆ ನಲ್ಲಿಯಲ್ಲಿ ನೀರು ಬರುವ ರಭಸ. ಯೂನಿಟ್ ಅಂದರೆ ತುಂಬಿದ ಕೊಡ. ರಭಸ ಜಾಸ್ತಿ ಇದ್ದರೂ ನಲ್ಲಿ ಐದೇ ನಿಮಿಷ ಬಂದರೆ ಎಷ್ಟು ಕೊಡ ತುಂಬುತ್ತದೆ? ನಮ್ಮ ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದು. ಕೈಗಾ ಅಣುಸ್ಥಾವರದ ನಾಲ್ಕು ಘಟಕ ಸೇರಿದರೆ 880 ಮೆಗಾವ್ಯಾಟ್. ಬರೀ ಈ ಎರಡು ಸಂಖ್ಯೆ ನೋಡಿದವರಿಗೆ ಪಾವಗಡವೇ ಎರಡು ಪಟ್ಟಿಗಿಂತ ದೊಡ್ಡದು. ಯೂನಿಟ್ ಲೆಕ್ಕ ಹಾಕಿ ನೋಡಿ. ಬಿಸಿಲನ್ನು ದಿನಕ್ಕೆ ಸರಾಸರಿ 5 ಗಂಟೆಯ ಪೂರ್ತಿ ಶಕ್ತಿ ಅಂತ ಹಿಡಿದರೆ ಪಾವಗಡದಿಂದ ದಿನಕ್ಕೆ ಸುಮಾರು 1 ಕೋಟಿ ಯೂನಿಟ್. ಕೈಗಾದ ನಾಲ್ಕೂ ಘಟಕ ಹಗಲು ರಾತ್ರಿ ಓಡಿದರೆ ಸುಮಾರು 2 ಕೋಟಿ ಯೂನಿಟ್. ಅಲ್ಲಿನ ಮೊದಲನೇ ಘಟಕ 2018ರ ಕೊನೆಯಲ್ಲಿ ನಿಂತಾಗ, ಅದಕ್ಕೂ ಮುಂಚೆ ಒಮ್ಮೆಯೂ ನಿಲ್ಲದೆ 962 ದಿನ ಓಡಿತ್ತು. ಆಗ ಅದು ವಿಶ್ವದಾಖಲೆ.

ಇದನ್ನು ಹೇಳಿದ ಮಾತ್ರಕ್ಕೆ ನಾನು ಅಣುವಿದ್ಯುತ್ ಪರ ಅಂತ ತಿಳಿಯಬೇಡಿ. ಅದೇ ಕೈಗಾದಲ್ಲಿ 1994ರಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಗುಮ್ಮಟದ ಒಳಭಾಗ ಕುಸಿದುಬಿದ್ದಿತ್ತು. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ವಿರುದ್ಧ ನಿಂತದ್ದು ಸುಮ್ನೆ ಅಲ್ಲ. ಪರವೋ ವಿರೋಧವೋ, ಎರಡಕ್ಕೂ ಮೊದಲು ಲೆಕ್ಕ ಬರಬೇಕು. ನಾನು ಕೇಳುತ್ತಿರುವುದು ಅಷ್ಟೇ.

ಶರಾವತಿ ಪಂಪ್ಡ್ ಸ್ಟೋರೇಜ್ ಜಗಳ ನೋಡಿ. ಮೇಲಿನ ತಳಕಳಲೆ ಜಲಾಶಯದಿಂದ ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೆ ನೀರು ಬಿಟ್ಟು 2,000 ಮೆಗಾವ್ಯಾಟ್, ಆಮೇಲೆ ಅದೇ ನೀರನ್ನು ಪಂಪ್ ಮಾಡಿ ಮೇಲಕ್ಕೆ. ಪರ ಇರುವವರು "ರಾಜ್ಯಕ್ಕೆ 2,000 ಮೆಗಾವ್ಯಾಟ್ ಸಿಗುತ್ತೆ" ಅನ್ನುತ್ತಾರೆ. ಹೊಸದಾಗಿ ಒಂದು ಯೂನಿಟ್ಟೂ ಸಿಗುವುದಿಲ್ಲ. ನೀರು ಏರಿಸಲು 100 ಯೂನಿಟ್ ಖರ್ಚಾದರೆ ಇಳಿಸುವಾಗ 75ರಿಂದ 80 ವಾಪಸ್ ಬರುತ್ತದೆ. ವಿರೋಧಿಸುವವರು "ಹಾಗಾದರೆ ಇದು ಶುದ್ಧ ನಷ್ಟ" ಅನ್ನುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಮಧ್ಯಾಹ್ನ ಬೇಡವಾದ ಸೋಲಾರ್ ಕರೆಂಟನ್ನು ಸಂಜೆಗೆ ಎತ್ತಿಡುವ ಯಾವ ಉಪಾಯದಲ್ಲೂ ಒಂದಿಷ್ಟು ಸೋರಿಕೆ ಇದ್ದೇ ಇರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ. ಅದನ್ನು ಎತ್ತಿಡಲು ಶರಾವತಿ ಕಣಿವೆಯ ಸಿಂಗಳೀಕಗಳ ಕಾಡನ್ನೇ ಕಡಿಯಬೇಕಾ? ಈಗಾಗಲೇ ಲಿಂಗನಮಕ್ಕಿ ಜಲಾಶಯದಲ್ಲಿ ನೀರಿದೆ, ಕೆಳಗೆ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ಇದೆ. ಹಗಲು ಸೋಲಾರ್ ಬಳಸಿ ಆ ನೀರನ್ನು ಉಳಿಸಿ, ಸಂಜೆ ಬಿಟ್ಟರೆ ಎಷ್ಟು ಯೂನಿಟ್ ಆಗುತ್ತದೆ? ಬ್ಯಾಟರಿಗೆ ಎಷ್ಟು ಖರ್ಚು? ಈ ಲೆಕ್ಕವನ್ನು ಊರಿನ ಗ್ರಾಮಸಭೆಯಲ್ಲಿ ಕೂತು ಕೇಳುವಷ್ಟು ಧೈರ್ಯ ನಮ್ಮ ಮಕ್ಕಳಿಗೆ ಬರಬೇಕು. ನಾನು ಆ ಕಾಡು ಕಡಿಯುವುದರ ವಿರುದ್ಧ ಇದ್ದೇನೆ. ಲೆಕ್ಕ ಹಾಕಿಯೇ ಇದ್ದೇನೆ.

ಅಪ್ಪ ಲಿಂಗನಮಕ್ಕಿ ಹಿನ್ನೀರಿನ ಆಚೆಯ ಊರುಗಳ ಬಗ್ಗೆ ಹೇಳುವಾಗ ಸ್ವರ ತಗ್ಗಿಸುತ್ತಿದ್ದರು. 1964ರಲ್ಲಿ ಅಣೆಕಟ್ಟು ಆಯಿತು, ಆ ಊರಿನವರ ಗದ್ದೆ ತೋಟ ಮುಳುಗಿತು, ತಲೆ ಮೇಲೆ ದೊಡ್ಡ ಲೈನ್ ಹಾದುಹೋಯಿತು, ಮನೆಯಲ್ಲಿ ಮಾತ್ರ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿ. ಇದೇನು ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿದಾಗಲೂ ಅದು ಮೊದಲು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ.

ಗೃಹಜ್ಯೋತಿ ಬಂದಾಗಲೂ ಇದೇ ಕಥೆ. 200 ಯೂನಿಟ್ ಉಚಿತ ಅಂತ ಎಲ್ಲರೂ ತಿಳಿದರು. ಶುರುವಾದಾಗ ಇದ್ದ ನಿಯಮ, ಹಿಂದಿನ ವರ್ಷದ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10. ಸರಾಸರಿ 60 ಇದ್ದವರಿಗೆ 66 ಯೂನಿಟ್ ಮಾತ್ರ. ನಮ್ಮ ಬೀದಿಯ ಒಬ್ಬ ಅಜ್ಜಿ ಬಿಲ್ ಹಿಡಿದುಕೊಂಡು ಬಂದು ನನ್ನ ಮುಂದೆ ಅತ್ತಿದ್ದಾರೆ, ಮೋಸ ಮಾಡಿದರು ಅಂತ. ಮೋಸವಲ್ಲ, ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಯೋಜನೆ ಬೇಕಿತ್ತು, ಬಡವರ ಮನೆಗೆ ಅದು ದೊಡ್ಡ ಆಸರೆ. ಪಂಪ್‌ಸೆಟ್ಟಿನ ವಿಷಯವೂ ಹಾಗೇ. 10 ಎಚ್‌ಪಿವರೆಗೆ ಉಚಿತ, ಬಹಳ ಕಡೆ ಮೀಟರೇ ಇಲ್ಲ. 5 ಎಚ್‌ಪಿ ಮೋಟರ್ 7 ಗಂಟೆ ಓಡಿದರೆ 26 ಯೂನಿಟ್. ಮೀಟರ್ ಇಲ್ಲದ ಕಡೆ ಲೆಕ್ಕವೆಲ್ಲ ಅಂದಾಜಿನದು. ಸೋರಿಕೆ, ಕಳ್ಳತನ ಎಲ್ಲವನ್ನೂ ಆ ಅಂದಾಜಿನೊಳಗೆ ತುರುಕಿ, ಕೊನೆಗೆ ಬೈಸಿಕೊಳ್ಳುವವನು ರೈತ.

"ಮಕ್ಕಳು ಮೊದಲು ಪಾಸಾಗಲಿ, ಇದೆಲ್ಲ ಆಮೇಲೆ ಕಲಿಯಬಹುದು" ಅಂತ ಕಾಮೆಂಟಿನಲ್ಲಿ ಬರೆಯುವವರಿದ್ದೀರಿ, ಗೊತ್ತು. ಯಾವಾಗ ಆಮೇಲೆ? ಹತ್ತನೇ ತರಗತಿ ಮುಗಿಸಿದ ಎಷ್ಟು ಮಕ್ಕಳು ಮುಂದೆ ವಿಜ್ಞಾನ ತೆಗೆದುಕೊಳ್ಳುತ್ತಾರೆ? ಬಿಲ್ ಮಾತ್ರ ಎಲ್ಲರ ಮನೆಗೂ ಬರುತ್ತದೆ.

ಒಂದು ವಿಷಯ ಹೇಳಿಬಿಡುತ್ತೇನೆ. ಹದಿನಾಲ್ಕು ವರ್ಷ ನಾನೂ ಇದೇ ಪಾಠ ಮಾಡಿದ್ದೇನೆ. ಲೈನ್‌ಮ್ಯಾನ್ ಮಗಳು ನಾನು. ಆದರೂ ಫೆಬ್ರವರಿ ಬಂದ ಕೂಡಲೇ ಸೂತ್ರ ಬರೆಸಿ, ನಾಲ್ಕು ಲೆಕ್ಕ ಮಾಡಿಸಿ, ಬರುವ ಪ್ರಶ್ನೆ ಗುರುತು ಹಾಕಿಸಿ ಮುಂದೆ ಹೋಗಿದ್ದೇನೆ. ಫಲಿತಾಂಶ ನೂರಕ್ಕೆ ನೂರು ಬಂದ ವರ್ಷ ಸನ್ಮಾನವನ್ನೂ ಮಾಡಿಸಿಕೊಂಡಿದ್ದೇನೆ. ಆ ಮಕ್ಕಳಲ್ಲಿ ಒಬ್ಬರನ್ನೂ ನಾನು ಮೀಟರಿನ ಮುಂದೆ ನಿಲ್ಲಿಸಲಿಲ್ಲ. ಇವತ್ತು ಆ ಬ್ಯಾಟರಿ ನೋಡಿದಾಗ ಮೊದಲು ನೆನಪಾದದ್ದು ಅದೇ.

ಹೊರಡುವ ಹೊತ್ತಿಗೆ ಹತ್ತನೇ ತರಗತಿಯ ಹುಡುಗನೊಬ್ಬ ಹಿಂದೆಯೇ ಬಂದ. ಪಾವಗಡ ತಾಲ್ಲೂಕಿನವನು, ಇಲ್ಲಿ ಹಾಸ್ಟೆಲ್‌ನಲ್ಲಿದ್ದಾನೆ. ಮನೆಯವರ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. "ಮಿಸ್, ನಮ್ಮ ಒಂದು ಎಕರೆಯಲ್ಲಿ ದಿನಕ್ಕೆ ಎಷ್ಟು ಯೂನಿಟ್ ಬರುತ್ತೆ?" ಅಂತ ಕೇಳಿದ. ನನಗೆ ಆದ ಖುಷಿ ಹೇಳತೀರದು.

ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅವನ ನೋಟ್‌ಬುಕ್ಕಿನ ಹಿಂದಿನ ಪುಟ. ಪಾರ್ಕು ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಎಕರೆಗೆ ಸುಮಾರು 158 ಕಿಲೋವ್ಯಾಟ್. ದಿನಕ್ಕೆ 5 ಗಂಟೆ ಅಂತ ಹಿಡಿದರೆ 800 ಯೂನಿಟ್ ಹತ್ತಿರ. ಯೂನಿಟ್ಟಿಗೆ 3 ರೂಪಾಯಿ ಅಂತ ಇಟ್ಟುಕೊಂಡರೆ ದಿನಕ್ಕೆ 2,400 ರೂಪಾಯಿ. ಗುತ್ತಿಗೆ ಶುರುವಾದದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿಗೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಈಗ 25,000 ಅಂತ ಹಿಡಿದು ಅವನೇ 365ರಿಂದ ಭಾಗಿಸಿದ. ಪೆನ್ನು ನಿಂತಿತು. "ದಿನಕ್ಕೆ ಎಪ್ಪತ್ತು ರೂಪಾಯೀನೂ ಇಲ್ಲ ಮಿಸ್."

ಆ ಎರಡು ಸಂಖ್ಯೆಗಳ ನಡುವೆ ಕಂಪನಿಯ ಸಾಲ, ಪ್ಯಾನೆಲ್ಲು, ಲೈನು ಎಲ್ಲ ಇದೆ, ಅಷ್ಟೂ ಲಾಭವಲ್ಲ ಅಂತ ಅವನಿಗೆ ಹೇಳಿದೆ. ಹೇಳಲೇಬೇಕಿತ್ತು. ಮಳೆ ಇಲ್ಲದ ಆ ನೆಲದಲ್ಲಿ ಕಡಲೆಕಾಯಿ ಬೆಳೆದು ಸೋತವರಿಗೆ ಗುತ್ತಿಗೆ ಹಣ ಕೈ ಹಿಡಿದಿದೆ ಅನ್ನುವುದನ್ನೂ ಹೇಳಿದೆ. ಅವನೂ ಒಪ್ಪಿದ. ಆಮೇಲೆ, "ಕೂಲಿಗೆ ಹೋಗ್ತಿದ್ದೋರಿಗೆ ಏನೂ ಬರಲಿಲ್ಲ ಮಿಸ್, ಜಮೀನೇ ಇರಲಿಲ್ವಲ್ಲ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಆ ಪುಟ ಹರಿದು ಮಡಚಿ ಜೇಬಿಗೆ ಹಾಕಿಕೊಂಡ. ಅಪ್ಪನಿಗೆ ತೋರಿಸಬೇಕಂತೆ.

ಬಸ್ ಹತ್ತುವ ಮೊದಲು ಶಾಲೆಯ ಗೋಡೆಯ ಮೇಲಿದ್ದ ಮೀಟರ್ ತೋರಿಸಿದೆ. ಈಗಿನ ಮೀಟರಿನಲ್ಲಿ ಚಕ್ರ ಇಲ್ಲ, ಕೆಂಪು ದೀಪ ಮಿಣುಕುತ್ತದೆ. ಅದರ ಮೇಲೆ 3200 ಅಂತ ಬರೆದಿತ್ತು. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಹಳೇ 75 ವ್ಯಾಟಿನ ಫ್ಯಾನ್ ಒಂದೇ ಓಡುತ್ತಿದ್ದರೆ ನಿಮಿಷಕ್ಕೆ ನಾಲ್ಕು ಸಲ. ಅವನು ಬಾಯಲ್ಲೇ ಎಣಿಸುತ್ತಾ ನಿಂತ.

ಇದನ್ನು ಬರೆಯುತ್ತಿರುವಾಗಲೇ ಹಾಸ್ಟೆಲ್ ವಾರ್ಡನ್ ಫೋನಿನಿಂದ ಅವನ ಮೆಸೇಜ್ ಬಂತು. "ಮಿಸ್, ಟಿವಿ ರೂಮಿಗೆ ಬೇರೆ ಮೀಟರ್ ಇದೆ. ಟಿವಿ, ಫ್ಯಾನು, ಲೈಟು ಎಲ್ಲ ಆಫ್ ಮಾಡಿದ್ವಿ. ಆದರೂ ಎರಡು ನಿಮಿಷಕ್ಕೆ ಒಂದು ಸಲ ಮಿಣುಕ್ತಾ ಇದೆ. ಯಾಕೆ?"

ಸೆಟ್‌ಟಾಪ್ ಬಾಕ್ಸಿನ ಪ್ಲಗ್ ಕಿತ್ತು ಮತ್ತೆ ಎಣಿಸು ಅಂತ ಬರೆದು ಕಳಿಸಿದ್ದೇನೆ. ಉತ್ತರಕ್ಕೆ ಕಾಯುತ್ತಾ ಇದ್ದೇನೆ.